ಬೆಳಗ್ಗೆ ಸ್ಟಾರ್ಟ್ ಆಗದ ಪಿಕಪ್ಪು, ಹೊಂಗೆ ಮರದ ಕೆಳಗಿದ್ದ ಉತ್ತರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಮೊದಲು ಒಂದು ಸದ್ದು ಕೇಳಿಸ್ತೀನಿ.

(ಸೆಲ್ಫ್ ಹೊಡೆಯುವ ಸದ್ದು, ಸುಮಾರು ಇಪ್ಪತ್ತು ಸೆಕೆಂಡ್. ಕೊನೆಗೆ ಇಂಜಿನ್ ಕೆಮ್ಮಿದ ಹಾಗೆ ಹತ್ತಿಕೊಂಡು, ತತ್ತರಿಸುತ್ತಾ ಓಡುತ್ತದೆ.)

ಕೇಳಿಸ್ತಾ? ಇದು ನಮ್ಮ ಅಪ್ಪನ ಪಿಕಪ್. ಹೋದ ವರ್ಷ ಡಿಸೆಂಬರ್‌ನಲ್ಲಿ, ಬೆಳಗಿನ ಜಾವ ಮೂರೂವರೆಗೆ ನಾನೇ ಫೋನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದು. 2009ರ ಮಾಡೆಲ್, ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಎಲ್ಲಾ ಮೆಕ್ಯಾನಿಕಲ್. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ಕಂಪನಿ ತಪ್ಪೇನೂ ಇಲ್ಲ. ತಪ್ಪು ಯಾರದು ಅನ್ನೋದು ಮುಂದೆ ಬರುತ್ತೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಕಡೆ ಪಿಕಪ್ ಅಂದ್ರೆ ಟೊಮ್ಯಾಟೊ. ತೋಟದಲ್ಲಿ ಸಂಜೆ ಕಿತ್ತಿದ್ದನ್ನ ರಾತ್ರಿ ಬಾಕ್ಸಿಗೆ ತುಂಬಿ, ಬೆಳಗಿನ ಜಾವ ಲೋಡ್ ಮಾಡಿ, ಕೋಲಾರದ ಎಪಿಎಂಸಿ ಯಾರ್ಡಿಗೆ ಮುಟ್ಟಿಸಬೇಕು. ಒಂದೊಂದು ಬಾಕ್ಸು 15 ಕೆಜಿ. ಹರಾಜು ಯಾರಿಗೂ ಕಾಯಲ್ಲ. ಅಪ್ಪ ನಮ್ಮ ಮಾಲಿನ ಜೊತೆ ಅಕ್ಕಪಕ್ಕದ ತೋಟದವರ ಮಾಲನ್ನೂ ಬಾಡಿಗೆಗೆ ಹೊಡೀತಾರೆ. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ನಿಲ್ಲೋದು ಒಂದು ಮನೆ ಅಲ್ಲ, ನಾಲ್ಕೈದು ಮನೆ.

ಡಿಸೆಂಬರಿನ ಒಂದು ದಿನ ಹಾಗೇ ಆಯ್ತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೂತು ಹೋಯ್ತು. ಐದಾರು ಜನ ತಳ್ಳಿದ್ರೂ ಆಗಲಿಲ್ಲ. ಬೆಳಗಾದ ಮೇಲೆ ಟ್ರ್ಯಾಕ್ಟರ್ ಕಟ್ಟಿ ಎಳೆದು ಸ್ಟಾರ್ಟ್ ಮಾಡಿ, ಯಾರ್ಡ್ ತಲುಪೋ ಹೊತ್ತಿಗೆ ಹರಾಜು ಮುಗೀತಾ ಬಂದಿತ್ತು. ಉಳಿದಿದ್ದ ವ್ಯಾಪಾರಸ್ಥರು ಕೇಳಿದ ರೇಟಿಗೆ ಕೊಟ್ಟು ಬಂದ್ರು. ಪಕ್ಕದ ತೋಟದವರು ಏನೂ ಅನ್ನಲಿಲ್ಲ. ಮಾರನೇ ವಾರದಿಂದ ಬೇರೆ ಗಾಡಿಗೆ ಹಾಕಿದ್ರು, ಅಷ್ಟೇ. ಅಪ್ಪನಿಗೆ ಬೈದಿದ್ರೂ ಅಷ್ಟು ನೋವಾಗ್ತಿರಲಿಲ್ಲ.

ಮೆಕ್ಯಾನಿಕ್ ಬಂದು ನೋಡಿದ್ರು. ಹೊಗೆ ಬೆಳ್ಳಗೆ ಬರ್ತಿತ್ತು, ಇಂಜಿನ್ ನಡುಗ್ತಿತ್ತು. "ಕಂಪ್ರೆಷನ್ ಹೋಗಿದೆ ಯಜಮಾನ್ರೇ, ಇಂಜಿನ್ ಬಿಚ್ಚಬೇಕು, ಎಂಬತ್ತು ಸಾವಿರದ ಹತ್ರ ಆಗುತ್ತೆ" ಅಂದ್ರು. ತಂಗಿಯ ನರ್ಸಿಂಗ್ ಎರಡನೇ ವರ್ಷದ ಫೀಸು ಕಟ್ಟೋ ತಿಂಗಳು ಅದು. ಅಪ್ಪ ನನಗೆ ಫೋನ್ ಮಾಡಿ, "ಬ್ರೋಕರ್ ಒಬ್ರು ಕೇಳ್ತಾ ಅವ್ರೆ, ಕೊಟ್ಬಿಡೋಣ ಕಣೋ" ಅಂದ್ರು. ಗಾಡಿ ಕೊಟ್ರೆ ಅಪ್ಪನಿಗೆ ಬೇರೆ ಕೆಲಸ ಇಲ್ಲ.

ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವನು. ಓದಿದ ಮೇಲೆ ನರಸಾಪುರದ ಕಡೆ ಒಂದು ಫ್ಯಾಕ್ಟರಿ ಸೇರಿ, ಈಗ ಲೈನಲ್ಲಿ ಸ್ಕ್ರೂ ಬಿಗೀತೀನಿ. ಇಂಜಿನ್ ಮುಟ್ಟಿದ್ದು ಕಮ್ಮಿ. ಆದ್ರೂ ಹೇಳಿದೆ, "ಅಪ್ಪ, ಭಾನುವಾರದವರೆಗೆ ಯಾರಿಗೂ ಮಾತು ಕೊಡಬೇಡ."

ಮೊದಲು ಮಾಡಿದ ಎರಡು ತಪ್ಪು

ನಾನು ಬರೋ ಮುಂಚೆ ನಮ್ಮ ಮನೇಲಿ ಎರಡು ತಪ್ಪಾಗಿತ್ತು. ಎರಡನ್ನೂ ಹೇಳಿಬಿಡ್ತೀನಿ, ನೀವು ಮಾಡಬೇಡಿ.

ಒಂದು, ಹೊಸ ಬ್ಯಾಟರಿ. ಸೆಲ್ಫ್ ಹೊಡೆದು ಬ್ಯಾಟರಿ ಕೂತ ತಕ್ಷಣ ಎಲ್ಲರೂ ಹೇಳೋದು "ಬ್ಯಾಟರಿ ಹೋಗಿದೆ" ಅಂತ. ಆದ್ರೆ ಇಲ್ಲಿ ಇಂಜಿನ್ ಹತ್ತಲಿಲ್ಲ ಅಂತ ಬ್ಯಾಟರಿ ಕೂತಿತ್ತು. ಬ್ಯಾಟರಿ ಕೂತಿದ್ದಕ್ಕೆ ಇಂಜಿನ್ ಹತ್ತದೇ ಹೋಗಿದ್ದಲ್ಲ. ಇದನ್ನ ಒಂದು ಸಾದಾ ಮಲ್ಟಿಮೀಟರಲ್ಲಿ ನೋಡಬಹುದು. ರಾತ್ರಿ ಎಲ್ಲಾ ನಿಂತ ಗಾಡೀಲಿ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಿದ್ರೆ ಪೂರ್ತಿ ಚಾರ್ಜ್ ಇದೆ ಅಂತ. ಸೆಲ್ಫ್ ಹೊಡೆಯುವಾಗ ಹತ್ತರ ಆಸುಪಾಸಿನಲ್ಲಿ ನಿಂತ್ರೆ ಪರವಾಗಿಲ್ಲ. ಅದಕ್ಕಿಂತ ತುಂಬಾ ಕೆಳಗೆ ಬಿದ್ರೆ ಬ್ಯಾಟರಿ, ಇಲ್ಲಾ ಟರ್ಮಿನಲ್, ಇಲ್ಲಾ ಅರ್ಥ್ ವೈರು, ಇಲ್ಲಾ ಸೆಲ್ಫ್ ಮೋಟರ್ ಮೇಲೆ ಅನುಮಾನ ಪಡಬೇಕು. ಇಂಜಿನ್ ಓಡ್ತಿರುವಾಗ 14ರ ಹತ್ರ ಬಂದ್ರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆ. ಎರಡು ನಿಮಿಷದ ಕೆಲಸ. ಅಪ್ಪ ಸಾಲ ಮಾಡಿ ಬ್ಯಾಟರಿ ತಂದಿದ್ರು. ಹಳೇದನ್ನ ಚಾರ್ಜ್ ಮಾಡಿಸಿ ನೋಡಿದ್ರೆ ಅದೂ ಚೆನ್ನಾಗೇ ಇತ್ತು.

ಎರಡನೇದು ಅಪಾಯದ ತಪ್ಪು. ಯಾರೋ ಸ್ಟಾರ್ಟಿಂಗ್ ಸ್ಪ್ರೇ ತಂದು ಏರ್ ಫಿಲ್ಟರ್ ಬಾಯಿಗೆ ಹೊಡೆದಿದ್ರು. ಅದರಲ್ಲಿ ಇರೋದು ಈಥರ್. ಡೀಸೆಲ್‌ಗಿಂತ ಎಷ್ಟೋ ಕಡಿಮೆ ಬಿಸಿಗೆ ಹತ್ತಿಕೊಳ್ಳುತ್ತೆ. ನಮ್ಮಂಥ ಇಂಜಿನ್ನಲ್ಲಿ ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಈಥರ್ ಹೋದ್ರೆ, ಪಿಸ್ಟನ್ ಇನ್ನೂ ಮೇಲೆ ಬರ್ತಿರುವಾಗಲೇ ಢಮ್ ಅನ್ನುತ್ತೆ. ರಿಂಗ್ ಮುರೀಬಹುದು, ಪಿಸ್ಟನ್ ಸೀಳಬಹುದು, ನಿಮ್ಮ ಮುಖಕ್ಕೂ ಹೊಡೀಬಹುದು. ಇಲ್ಲದ ಇಂಜಿನ್ ಕೆಲಸವನ್ನ ನಾವೇ ಕರ್ಕೊಂಡು ಬಂದ ಹಾಗೆ. ಹೀಟರ್ ಪ್ಲಗ್ ಇರೋ ಗಾಡಿಗೆ ಸ್ಪ್ರೇ ಬೇಡ.

ಡೀಸೆಲ್ ಇಂಜಿನ್ ಕೇಳೋದು ಮೂರೇ

ಪೆಟ್ರೋಲ್ ಇಂಜಿನ್ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತೆ. ಡೀಸೆಲ್‌ಗೆ ಕಿಡಿ ಇಲ್ಲ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ ಓಡಿಸಿ ತೋರಿಸಿದಾಗಿಂದ ಇವತ್ತಿನವರೆಗೂ ತತ್ವ ಒಂದೇ. ಗಾಳಿಯನ್ನ ಜೋರಾಗಿ ಅಮುಕಿದ್ರೆ ಅದು ಕಾಯುತ್ತೆ. ಸೈಕಲ್ ಪಂಪ್ ಹೊಡೆದಾಗ ತುದಿ ಬಿಸಿಯಾಗುತ್ತಲ್ಲ, ಅದೇ. ಇಂಥ ಹಳೇ ಇಂಜಿನ್ನಲ್ಲಿ ಇಪ್ಪತ್ತು ಪಾಲು ಗಾಳಿಯನ್ನ ಹೆಚ್ಚುಕಮ್ಮಿ ಒಂದು ಪಾಲಿಗೆ ಅಮುಕ್ತಾರೆ. ಆ ಕಾದ ಗಾಳಿಗೆ ಡೀಸೆಲ್ಲನ್ನ ಮಂಜಿನ ಹಾಗೆ ಸಿಂಪಡಿಸಿದ್ರೆ ತಾನಾಗೇ ಹತ್ತಿಕೊಳ್ಳುತ್ತೆ.

ಹಾಗಾಗಿ ಬೇಕಾಗಿರೋದು ಮೂರು. ಒಂದು, ಇಂಜಿನ್ ಸಾಕಷ್ಟು ಜೋರಾಗಿ ತಿರುಗಬೇಕು. ಅದು ಬ್ಯಾಟರಿ, ಸೆಲ್ಫ್ ಕೆಲಸ. ಎರಡು, ಬಿಸಿ ಹುಟ್ಟಬೇಕು. ಅದು ಕಂಪ್ರೆಷನ್ ಮತ್ತು ಹೀಟರ್ ಪ್ಲಗ್ ಕೆಲಸ. ಮೂರು, ಡೀಸೆಲ್ ಸರಿಯಾದ ಹೊತ್ತಿಗೆ, ಸಣ್ಣ ಹನಿಯಾಗಿ, ಗಾಳಿ ಸೇರದೆ ಬರಬೇಕು. ಅದು ಟ್ಯಾಂಕಿಂದ ನಾಝಲ್‌ವರೆಗಿನ ಪೈಪು, ಫಿಲ್ಟರು, ಪಂಪಿನ ಕೆಲಸ.

ನಮ್ಮ ಗಾಡಿ ಜೋರಾಗೇ ತಿರುಗ್ತಿತ್ತು. ಒಂದನೇದು ಹೋಯ್ತು. ಉಳಿದಿದ್ದು ಬಿಸಿಯೋ, ಡೀಸೆಲ್ಲೋ?

ಇದಕ್ಕೆ ಹೊಗೆ ನೋಡಬೇಕು. ಸೆಲ್ಫ್ ಹೊಡೀತಿರುವಾಗಲೇ ಒಬ್ಬರು ಸೈಲೆನ್ಸರ್ ಹಿಂದೆ ಟಾರ್ಚ್ ಹಿಡ್ಕೊಂಡು ನಿಲ್ಲಬೇಕು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಆದ್ರೆ ಉರೀತಿಲ್ಲ. ಆಗ ಹೀಟರ್ ಪ್ಲಗ್, ಕಂಪ್ರೆಷನ್, ಟೈಮಿಂಗ್ ನೋಡಬೇಕು. ಹೊಗೆಯೇ ಇಲ್ಲ ಅಂದ್ರೆ ಡೀಸೆಲ್ಲೇ ಒಳಗೆ ಹೋಗ್ತಿಲ್ಲ. ಇನ್ನು ಇಂಜಿನ್ ಓಡುವಾಗ ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ, ಕಪ್ಪು ಅಂದ್ರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ.

ತಂಗಿ ಟಾರ್ಚ್ ಹಿಡ್ಕೊಂಡು ನಿಂತ್ಲು. ಹತ್ತು ಸೆಕೆಂಡು, ಹೊಗೆ ಇಲ್ಲ. ನಿಲ್ಲಿಸಿದೆ. ಸೆಲ್ಫ್ ಮೋಟರ್ ಸುಡಬಾರದು ಅಂತ ಅರ್ಧ ನಿಮಿಷ ಬಿಟ್ಟು ಮತ್ತೆ ಹತ್ತು ಸೆಕೆಂಡು. ಆಗ ಒಂದು ಚೂರು ಬಿಳಿ ಹೊಗೆ ಕಾಣಿಸ್ತು. ಆಮೇಲೆ ಬುಸ್ ಅಂತ ಜಾಸ್ತಿಯಾಯ್ತು. ಎರಡು ಸಿಲಿಂಡರ್ ಹತ್ತಿ, ಮೂರನೇದು ಸೇರಿ, ಇಡೀ ಗಾಡಿ ಗಡಗಡ ಅಂತ ನಡುಗಿ ಸ್ಟಾರ್ಟ್ ಆಯ್ತು.

ಮೆಕ್ಯಾನಿಕ್ ಬಂದಿದ್ದು ಬೆಳಗಾದ ಮೇಲೆ. ಅವರು ನೋಡಿದ್ದು ಕೊನೆಯಲ್ಲಿ ಬಂದ ಬಿಳಿ ಹೊಗೆಯನ್ನ. ಮೊದಲ ಹತ್ತು ಸೆಕೆಂಡು ಹೊಗೆ ಇಲ್ಲದ್ದನ್ನ ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಅವರ ಕಣ್ಣಿಗೆ ಕಂಡಿದ್ದು ಅರ್ಧ ಕಥೆ.

ಅಪ್ಪ ಹೇಳಿದ ಮರದ ಮಾತು

ಸ್ಟಾರ್ಟ್ ಆದ ಗಾಡಿಯನ್ನ ಆಫ್ ಮಾಡಿ ತಕ್ಷಣ ಮತ್ತೆ ಕೀ ತಿರುಗಿಸಿದೆ. ಅರ್ಧ ಸುತ್ತಿಗೆ ಹತ್ತಿಕೊಳ್ತು. ಕಾಲು ಗಂಟೆ ಬಿಟ್ಟು ನೋಡಿದೆ, ಸಲೀಸು. ಮಧ್ಯಾಹ್ನ ಬಿಸಿಲಲ್ಲಿ ನಾಲ್ಕೈದು ಗಂಟೆ ನಿಲ್ಲಿಸಿ ನೋಡಿದೆ, ಮತ್ತೆ ಅದೇ ಗೋಳು. ಬಿಸಿಲಿಗೆ ಬಾನೆಟ್ ಮುಟ್ಟಕ್ಕಾಗ್ತಿರಲಿಲ್ಲ, ಆದ್ರೂ ಹದಿನೈದು ಸೆಕೆಂಡು ಸೆಲ್ಫ್ ಬೇಕಾಯ್ತು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಬರೀ ಚಳಿಯ ಸಮಸ್ಯೆ ಆಗಿದ್ರೆ ಮಧ್ಯಾಹ್ನ ಬರಬಾರದು. ಹಾಗಾದ್ರೆ ಗಾಡಿಗೆ ಆಗ್ತಿರೋದು ಚಳಿಯಿಂದಲ್ಲ, ನಿಂತಿರೋದ್ರಿಂದ. ನಿಂತಾಗ ಏನೋ ಒಂದು ಕೆಳಗೆ ಇಳಿದು ಹೋಗ್ತಿದೆ.

ಆಗ ಅಪ್ಪ ಅಂದ್ರು, "ನಾನು ಮೊದ್ಲಿಂದ ಹೇಳ್ತಾನೇ ಇವ್ನಿ. ಹೊಂಗೆ ಮರದ ಕೆಳಗೆ ನಿಲ್ಸಿದ್ರೆ ಬೆಳಗ್ಗೆ ಸ್ಟಾರ್ಟ್ ಆಗುತ್ತೆ. ಮನೆ ಮುಂದೆ ನಿಲ್ಸಿದ್ರೆ ಆಗಲ್ಲ. ಮರದ ಕೆಳಗೆ ಇಬ್ಬನಿ ಬೀಳಲ್ಲ ನೋಡು, ಇಂಜಿನ್ ಬೆಚ್ಚಗಿರುತ್ತೆ."

ಈ ಮಾತನ್ನ ಅಪ್ಪ ಫೋನಲ್ಲೂ ಹೇಳಿದ್ರು. ನಾನು ನಕ್ಕಿದ್ದೆ. ಮರಕ್ಕೂ ಇಂಜಿನ್ನಿಗೂ ಏನು ಸಂಬಂಧ ಅಂತ. ಈ ಸಲ ನಗಲಿಲ್ಲ. ಎದ್ದು ಹೋಗಿ ಎರಡೂ ಜಾಗ ನೋಡಿದೆ.

ನಮ್ಮ ಮನೆ ಮುಂದೆ ಜಾಗ ಮನೆ ಕಡೆಗೆ ಏರು. ಗಾಡಿ ನೇರ ಬಂದು ನಿಂತ್ರೆ ಮೂತಿ ಮೇಲೆ, ಟ್ಯಾಂಕ್ ಕೆಳಗೆ. ಹೊಂಗೆ ಮರ ಇರೋದು ರಸ್ತೆ ಪಕ್ಕ. ಅಲ್ಲಿಗೆ ಅಪ್ಪ ರಿವರ್ಸ್ ತಗೊಂಡು ಹೋಗಿ ನಿಲ್ಲಿಸ್ತಾರೆ. ಅಲ್ಲಿ ಮೂತಿ ಕೆಳಗೆ, ಟ್ಯಾಂಕ್ ಮೇಲೆ.

ಇಬ್ಬನಿ ಅಲ್ಲ ಕಾರಣ, ಇಳಿಜಾರು. ಮೂತಿ ಮೇಲಿದ್ರೆ ಪೈಪಲ್ಲಿರೋ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಆದ್ರೆ ಸುಮ್ಮನೆ ಇಳಿಯಲ್ಲ. ಸ್ಟ್ರಾ ಮೇಲೆ ಬೆರಳಿಟ್ಟು ಎಳನೀರಿಂದ ಎತ್ತಿದ್ರೆ ನೀರು ಒಳಗೇ ನಿಲ್ಲುತ್ತೆ ಅಲ್ವಾ? ಬೆರಳು ತೆಗೆದ್ರೆ ಸುರಿಯುತ್ತೆ. ಡೀಸೆಲ್ ವಾಪಸ್ ಇಳೀಬೇಕು ಅಂದ್ರೆ ಮೇಲೆ ಎಲ್ಲೋ ಗಾಳಿ ಒಳಗೆ ಹೋಗೋಕೆ ಸಂದಿ ಇರಬೇಕು.

ಅಪ್ಪ ಇನ್ನೊಂದು ಮಾತು ಸೇರಿಸಿದ್ರು. "ಮರದ ಕೆಳಗೆ ನಿಲ್ಸಿದ ದಿನ ಬೆಳಗ್ಗೆ ಒಂಚೂರು ಡೀಸೆಲ್ ವಾಸನೆ ಬರುತ್ತೆ ಕಣೋ." ಅದೇ ಸಂದಿ. ಟ್ಯಾಂಕ್ ಮೇಲಿದ್ದಾಗ ಡೀಸೆಲ್ ಹೊರಗೆ ಜಿನುಗುತ್ತೆ, ಟ್ಯಾಂಕ್ ಕೆಳಗಿದ್ದಾಗ ಗಾಳಿ ಒಳಗೆ ಹೋಗುತ್ತೆ.

ಸಂದಿ ಹುಡುಕಿದ್ದು ಹೇಗೆ

ಮೊದಲು ಅನುಮಾನವನ್ನ ಗಟ್ಟಿ ಮಾಡ್ಕೋಬೇಕು. ಆ ರಾತ್ರಿ ಬೇಕಂತಲೇ ಮನೆ ಮುಂದೆ ಮೂತಿ ಮೇಲಾಗಿ ನಿಲ್ಲಿಸಿದೆ. ಬೆಳಗ್ಗೆ ಕೀ ಮುಟ್ಟೋ ಮೊದಲು ಡೀಸೆಲ್ ಫಿಲ್ಟರ್ ಮೇಲಿರೋ ಹ್ಯಾಂಡ್ ಪಂಪ್ ಒತ್ತಿದೆ. ಶುರುವಿನಲ್ಲಿ ಮೆತ್ತಗೆ, ಒಳಗೆ ಏನೂ ಇಲ್ಲದ ಹಾಗೆ ಒತ್ತಿಕೊಳ್ತು. ಇಪ್ಪತ್ತೈದು ಮೂವತ್ತು ಸಲ ಒತ್ತಿದ ಮೇಲೆ ಗಟ್ಟಿಯಾಯ್ತು. ಏರ್ ಬ್ಲೀಡ್ ಸ್ಕ್ರೂ ಸಡಿಲ ಮಾಡಿದೆ, ನೊರೆ ನೊರೆಯಾಗಿ ಗಾಳಿ ಬಂತು. ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿದು, ಹೀಟರ್ ಕೊಟ್ಟು, ಕೀ ತಿರುಗಿಸಿದೆ. ಮೂರು ಸೆಕೆಂಡಿಗೆ ಸ್ಟಾರ್ಟ್. ಅಪ್ಪ ಕೈಲಿದ್ದ ಟೀ ಲೋಟ ಕೆಳಗಿಟ್ಟು ಹತ್ರ ಬಂದ್ರು.

ಗಾಳಿ ಹಿಡೀತಿದೆ ಅನ್ನೋದು ಖಾತ್ರಿ ಆಯ್ತು. ಎಲ್ಲಿಂದ? ಟ್ಯಾಂಕಿಂದ ಪಂಪಿನವರೆಗೆ ಹತ್ತಾರು ಜಾಯಿಂಟ್ ಇದೆ. ಈ ಭಾಗದಲ್ಲಿ ಇಂಜಿನ್ ಡೀಸೆಲ್ಲನ್ನ ಎಳ್ಕೊಳ್ಳುತ್ತೆ, ತಳ್ಳಲ್ಲ. ಅದಕ್ಕೆ ಸಂದಿ ಇದ್ರೂ ಓಡುವಾಗ ಹೊರಗೆ ಹನಿ ಬೀಳಲ್ಲ. ಎಷ್ಟೋ ಜನ "ಎಲ್ಲೂ ಸೋರ್ತಿಲ್ಲ, ಲೈನ್ ಸರಿಯಿದೆ" ಅಂತ ಇಲ್ಲೇ ಮೋಸ ಹೋಗ್ತಾರೆ.

ನಾನು ಮಾಡಿದ್ದು ಇಷ್ಟು. ಎರಡು ಲೀಟರಿನ ಕ್ಯಾನಿಗೆ ಸೋಸಿದ ಡೀಸೆಲ್ ಹಾಕಿ, ಬಾನೆಟ್‌ಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿದೆ. ಟ್ಯಾಂಕಿಂದ ಬರೋ ಕಬ್ಬಿಣದ ಪೈಪು ಛಾಸಿ ಹತ್ರ ರಬ್ಬರ್ ಹೋಸಿಗೆ ಸೇರುತ್ತೆ. ಅಲ್ಲಿ ಬಿಚ್ಚಿ, ಆ ಹೋಸಿಗೆ ಕ್ಯಾನಿನ ಪೈಪ್ ಕೊಟ್ಟೆ. ಈಗ ಡೀಸೆಲ್ ಮೇಲಿಂದ ತನ್ನ ತೂಕದಲ್ಲೇ ಇಳಿಯುತ್ತೆ. ಒಳಗೆ ಗಾಳಿ ಎಳೀತಿದ್ದ ಸಂದಿ ಈ ಭಾಗದಲ್ಲೇ ಇದ್ರೆ ಈಗ ಹೊರಗೆ ಡೀಸೆಲ್ ಬಿಡಬೇಕು. ಹತ್ರ ಬೀಡಿ, ಸಿಗರೇಟು, ಒಲೆ ಯಾವುದೂ ಇರಬಾರದು, ಅದನ್ನ ಹೇಳಬೇಕಾಗಿಲ್ಲ ಅಂದ್ಕೋತೀನಿ.

ಎಲ್ಲಾ ಜಾಯಿಂಟನ್ನೂ ಬಟ್ಟೇಲಿ ಒಣಗಿಸಿ ಒರೆಸಿ, ಟೀ ಕುಡಿದು ಬಂದೆ. ಫಿಲ್ಟರಿಗೆ ಡೀಸೆಲ್ ಒಳಗೆ ಹೋಗೋ ಬ್ಯಾಂಜೋ ಬೋಲ್ಟ್ ಕೆಳಗೆ ಒಂದು ಹನಿ ನೇತಾಡ್ತಿತ್ತು.

ಬೋಲ್ಟ್ ಬಿಚ್ಚಿದೆ. ಅದರ ಎರಡೂ ಬದಿಗೆ ತಾಮ್ರದ ವಾಷರ್ ಇರುತ್ತೆ. ತಾಮ್ರ ಮೆತ್ತಗಿರೋದ್ರಿಂದ ಬಿಗಿದಾಗ ಜಜ್ಜಿಕೊಂಡು ಸಂದಿ ಮುಚ್ಚುತ್ತೆ. ಆದ್ರೆ ಒಂದ್ಸಲ ಜಜ್ಜಿದ ತಾಮ್ರ ಗಟ್ಟಿಯಾಗುತ್ತೆ. ಎರಡನೇ ಸಲ ಅದನ್ನೇ ಹಾಕಿದ್ರೆ ಸರಿಯಾಗಿ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಈ ವಾಷರ್ ಮೇಲೆ ಎರಡು ಗುರುತಿತ್ತು, ಒಂದರ ಮೇಲೊಂದು ಸರಿಯಾಗಿ ಕೂರದ ಎರಡು ಉಂಗುರ. ಅಂದ್ರೆ ಯಾರೋ ಬಿಚ್ಚಿ, ಹಳೇ ವಾಷರನ್ನೇ ವಾಪಸ್ ಹಾಕಿದ್ದಾರೆ.

ಆ ಯಾರೋ ನಾನೇ.

ಆಯುಧ ಪೂಜೆಯ ದಿನ

ದಸರಾಕ್ಕೆ ಊರಿಗೆ ಬಂದಿದ್ದೆ. ಆಯುಧ ಪೂಜೆಗೆ ಗಾಡಿ ತೊಳೆದು, ಕುಂಬಳಕಾಯಿ ಒಡೆಯೋ ಮುಂಚೆ "ಸರ್ವಿಸ್ ನಾನೇ ಮಾಡ್ತೀನಿ, ದುಡ್ಡು ಉಳಿಯುತ್ತೆ" ಅಂತ ಅಪ್ಪನ ಮುಂದೆ ದೊಡ್ಡದಾಗಿ ಹೇಳಿದ್ದೆ. ಆಯಿಲ್ ಬದಲಾಯಿಸಿದೆ. ಡೀಸೆಲ್ ಫಿಲ್ಟರ್ ಕಚ್ಚಿಕೊಂಡು ಬರಲಿಲ್ಲ, ಅದಕ್ಕೆ ಪೈಪೆಲ್ಲ ಬಿಚ್ಚಿ, ಇಡೀ ಫಿಲ್ಟರ್ ಹೆಡ್ ಹೊರಗೆ ತೆಗೆದು ಹೊಸ ಫಿಲ್ಟರ್ ಹಾಕಿದೆ. ವಾಷರ್ ಹೊಸದು ಬೇಕು ಅಂತ ನನಗೆ ಗೊತ್ತಿತ್ತು. ಐಟಿಐನಲ್ಲಿ ಹೇಳಿಕೊಟ್ಟಿದ್ರು. ಹಬ್ಬದ ದಿನ ಅಂಗಡಿ ಇರಲಿಲ್ಲ. ಬಿಗಿದು ನೋಡಿದೆ, ಸೋರಲಿಲ್ಲ, ಬಿಟ್ಟೆ.

ಗಾಡಿಗೆ ಕಾಯಿಲೆ ಶುರುವಾಗಿದ್ದು ದಸರಾ ಆದ ಎರಡು ವಾರಕ್ಕೆ. ನಾನು ಮೊದಲೇ ಕೇಳ್ಕೋಬೇಕಾಗಿದ್ದ ಪ್ರಶ್ನೆ ಇದು: ತೊಂದರೆ ಯಾವತ್ತು ಶುರುವಾಯ್ತು, ಅದಕ್ಕೆ ಮುಂಚೆ ಗಾಡೀಲಿ ಯಾರು ಏನು ಮುಟ್ಟಿದ್ರು? ಮಲ್ಟಿಮೀಟರ್ ಬೇಡ, ಸ್ಪ್ಯಾನರ್ ಬೇಡ. ಆದ್ರೆ ಆ ಪ್ರಶ್ನೆಯ ಉತ್ತರದಲ್ಲಿ ನಾನಿದ್ದೆ. ಅದಕ್ಕೇ ನನಗೆ ಹೊಳೆದಿರಲಿಲ್ಲವೋ ಏನೋ.

ಅಪ್ಪನಿಗೆ ಹೇಳದೇ ಇರಬಹುದಿತ್ತು. "ವಾಷರ್ ಸವೆದಿತ್ತು" ಅಂದ್ರೆ ಮುಗೀತಿತ್ತು. ಅವರಿಗೆ ಆ ಎರಡು ಉಂಗುರದ ಗುರುತು ಗೊತ್ತಾಗ್ತಿರಲಿಲ್ಲ. ಸ್ವಲ್ಪ ಹೊತ್ತು ವಾಷರನ್ನ ಕೈಯಲ್ಲಿಟ್ಕೊಂಡು ಕೂತಿದ್ದೆ. ಆಮೇಲೆ ತೋರಿಸಿದೆ. "ಅಪ್ಪ, ದಸರಾದಲ್ಲಿ ನಾನು ಹಳೇದನ್ನೇ ಹಾಕಿದ್ದೆ. ಇದ್ರಿಂದಾನೇ ಎಲ್ಲ ಆಗಿದ್ದು."

ಅಪ್ಪ ವಾಷರ್ ತಿರುಗಿಸಿ ನೋಡಿದ್ರು. "ಇದೆಷ್ಟು?" ಅಂದ್ರು.

"ಎರಡಕ್ಕೆ ನಲವತ್ತು ರೂಪಾಯಿ ಆಗಬಹುದು."

ಏನೂ ಮಾತಾಡದೆ ಜೇಬಿಂದ ದುಡ್ಡು ತೆಗೆದು ಕೊಟ್ರು. "ನಾಕು ತಗೊಂಬಾ. ಎರಡು ಮನೇಲಿರ್ಲಿ."

ಉಳಿದ ನಡುಕ

ವಾಷರ್ ಹಾಕಿದ ಮೇಲೆ ಸ್ಟಾರ್ಟಿಂಗ್ ಸರಿಹೋಯ್ತು. ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಹಳೇ ಗಾಡೀಲಿ ಒಂದೇ ಕಾಯಿಲೆ ಇರೋದು ಅಪರೂಪ. ಇಂಜಿನ್ ಕಾದ ಮೇಲೂ ಸ್ಲೋನಲ್ಲಿ ಒಂದು ನಡುಕ ಉಳೀತು. ಸ್ಟೇರಿಂಗ್ ಹಿಡಿದ್ರೆ ಕೈಗೆ ಕಚಗುಳಿ ಇಟ್ಟ ಹಾಗೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಸರಿಯಾಗಿ ದುಡೀತಿಲ್ಲ.

ಯಾವುದು ಅಂತ ಕಂಡುಹಿಡಿಯೋ ವಿಧಾನ ಹೇಳೋ ಮೊದಲು ಒಂದು ಎಚ್ಚರಿಕೆ. ಇದು ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್ನಿಗೆ ಮಾತ್ರ. ನಿಮ್ಮದು ಕಾಮನ್ ರೈಲ್ ಇಂಜಿನ್ ಆಗಿದ್ರೆ ಇಂಜಿನ್ ಓಡುವಾಗ ಆ ಪೈಪಿನ ನಟ್ಟನ್ನ ಖಂಡಿತ ಮುಟ್ಟಬೇಡಿ. ಅದರಲ್ಲಿ ಸಾವಿರ ಬಾರ್‌ಗಿಂತ ಹೆಚ್ಚು ಒತ್ತಡ ಇರಬಹುದು. ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತೆ, ಹೊರಗೆ ಸಣ್ಣ ಚುಕ್ಕೆ ಕಂಡ್ರೂ ಒಳಗೆ ಕೈಯೇ ಕೊಳೆಯಬಹುದು. ಅಂಥದ್ದಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ಗಾಡಿಗಳಿಗೆ ಸ್ಕ್ಯಾನರ್ ಹಾಕೋರ ಹತ್ರಾನೇ ಹೋಗಿ.

ಹಳೇ ಇಂಜಿನ್ನಲ್ಲೂ ಕನ್ನಡಕ, ದಪ್ಪ ಗ್ಲೌಸ್ ಹಾಕ್ಕೊಂಡು, ನಟ್ ಮೇಲೆ ಬಟ್ಟೆ ಹೊದಿಸಿ, ಅರ್ಧ ಸುತ್ತು ಮಾತ್ರ ಸಡಿಲ ಮಾಡಬೇಕು. ಒಂದೊಂದೇ ನಾಝಲ್ಲಿನ ನಟ್ ಸಡಿಲ ಮಾಡಿದ್ರೆ ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತೆ. ದುಡೀತಿದ್ದ ಸಿಲಿಂಡರ್ ಆದ್ರೆ ಇಂಜಿನ್ ಸದ್ದು ಕುಗ್ಗಿ ನಡುಕ ಜಾಸ್ತಿಯಾಗುತ್ತೆ. ಮೊದಲೇ ಸೋಮಾರಿ ಸಿಲಿಂಡರ್ ಆದ್ರೆ ಏನೂ ಬದಲಾಗಲ್ಲ. ಒಂದು, ಎರಡು, ನಾಲ್ಕು, ಈ ಮೂರರಲ್ಲೂ ಸದ್ದು ಬಿತ್ತು. ಮೂರನೇದರಲ್ಲಿ ಏನೂ ಬದಲಾಗಲಿಲ್ಲ.

ಈಗ ಮುಖ್ಯ ಪ್ರಶ್ನೆ. ಮೂರನೇ ಸಿಲಿಂಡರಿನ ಕಂಪ್ರೆಷನ್ ಹೋಗಿದೆಯೋ, ಮೂರನೇ ನಾಝಲ್ ಕೆಟ್ಟಿದೆಯೋ? ಕಂಪ್ರೆಷನ್ ಆದ್ರೆ ಮೆಕ್ಯಾನಿಕ್ ಹೇಳಿದ್ದು ನಿಜ, ಎಂಬತ್ತು ಸಾವಿರ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ, ಮೂರನೇ ನಾಝಲ್ಲನ್ನ ಒಂದನೇ ಜಾಗಕ್ಕೆ, ಒಂದನೇದನ್ನ ಮೂರಕ್ಕೆ ಅದಲುಬದಲು ಮಾಡಿದೆ. ಹೊಸ ವಾಷರ್ ಹಾಕಿ, ಈ ಸಲ ಮರೆಯಲಿಲ್ಲ. ಸ್ಟಾರ್ಟ್ ಮಾಡಿ ಮತ್ತೆ ನಟ್ ಸಡಿಲ ಮಾಡಿದೆ. ಮೂರನೇದರಲ್ಲಿ ಸದ್ದು ಬಿತ್ತು. ಒಂದನೇದರಲ್ಲಿ ಬೀಳಲಿಲ್ಲ.

ತೊಂದರೆ ನಾಝಲ್ ಜೊತೆ ಹೋಯ್ತು. ಸಿಲಿಂಡರ್ ಗಟ್ಟಿಯಾಗಿದೆ, ಇಂಜಿನ್ ಬಿಚ್ಚಬೇಕಾಗಿಲ್ಲ. ಆ ಕ್ಷಣ ನಾನು ಅಪ್ಪನ ಮುಖ ನೋಡಲಿಲ್ಲ, ಯಾಕಂದ್ರೆ ನನ್ನ ಮುಖ ಅವರಿಗೆ ಕಾಣೋದು ಬೇಡವಾಗಿತ್ತು.

ನಾಲ್ಕೂ ನಾಝಲ್ ಬಿಚ್ಚಿ ಕೋಲಾರದಲ್ಲಿ ಪಂಪ್, ನಾಝಲ್ ಸರ್ವಿಸ್ ಮಾಡೋ ಅಂಗಡಿಗೆ ತಗೊಂಡು ಹೋದೆ. ಟೆಸ್ಟರಿಗೆ ಹಾಕಿ ಕೈ ಹಿಡಿ ಒತ್ತಿದ್ರು. ಮೂರು ಮಂಜಿನ ಹಾಗೆ ಹೊಡೆದ್ವು. ಒಂದು ಮಾತ್ರ ಸೋರೋ ನಲ್ಲಿ ಹಾಗೆ ತೊಟ್ಟಿಕ್ಕಿತು. ಅದರ ನಾಝಲ್ ಬದಲಾಯಿಸಿ, ಉಳಿದಿದ್ದನ್ನ ಕ್ಲೀನ್ ಮಾಡಿ, ಪ್ರೆಶರ್ ಸೆಟ್ ಮಾಡಿ ಕೊಟ್ರು.

ಹೀಟರ್ ಪ್ಲಗ್ಗನ್ನೂ ನೋಡಿದೆ. ವೈರ್ ಬಿಚ್ಚಿ, ಮಲ್ಟಿಮೀಟರನ್ನ ಓಮ್ಸ್‌ಗೆ ಇಟ್ಟು, ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಇಂಜಿನ್ ಬಾಡಿಗೆ. ಒಂದು ಓಮ್ ಆಸುಪಾಸು ತೋರಿಸಿದ್ರೆ ಸಾಮಾನ್ಯವಾಗಿ ಸರಿ. ಏನೂ ತೋರಿಸದೆ ಓಪನ್ ಅಂದ್ರೆ ಒಳಗೆ ತಂತಿ ಕಡಿದಿದೆ. ನಾಲ್ಕರಲ್ಲಿ ಎರಡು ಸತ್ತಿದ್ವು. ಚಳಿಗೆ ಬಿಳಿ ಹೊಗೆ ಜಾಸ್ತಿ ಬರೋಕೆ ಇವೂ ಕಾರಣ. ಬದಲಾಯಿಸಿದೆ.

ಒಟ್ಟು ಖರ್ಚು ಆರು ಸಾವಿರದ ಐನೂರು. ಬೇಡವಾಗಿದ್ದ ಬ್ಯಾಟರಿಯ ದುಡ್ಡು ಬೇರೆ.

ನಿಮ್ಮ ಗಾಡಿಗೆ

ನಿಮ್ಮ ಮನೇಲಿ ಇಂಥ ಹಳೇ ಡೀಸೆಲ್ ಗಾಡಿ ಇದ್ರೆ ಈ ಕ್ರಮ ನೆನಪಿಟ್ಕೊಳ್ಳಿ. ಮೊದಲು ಕೇಳಿ: ಯಾವಾಗ ಶುರುವಾಯ್ತು, ಅದಕ್ಕೆ ಮುಂಚೆ ಏನು ಮುಟ್ಟಿದ್ರು, ಚಳಿಗೆ ಮಾತ್ರವೋ ಅಥವಾ ನಿಂತಾಗೆಲ್ಲ ಬರುತ್ತೋ. ಆಮೇಲೆ ನೋಡಿ: ಇಂಜಿನ್ ಜೋರಾಗಿ ತಿರುಗ್ತಿದೆಯಾ, ಸೆಲ್ಫ್ ಹೊಡೆಯುವಾಗ ಹೊಗೆ ಇದೆಯಾ. ಆಮೇಲೆ ಕಮ್ಮಿ ಖರ್ಚಿನದ್ದರಿಂದ ಶುರು ಮಾಡಿ. ಫಿಲ್ಟರ್ ಕೆಳಗಿನ ಸ್ಕ್ರೂ ಬಿಟ್ಟು ನೀರಿದ್ರೆ ಇಳಿಸಿ. ಹ್ಯಾಂಡ್ ಪಂಪ್ ಒತ್ತಿ ನೋಡಿ. ಹೋಸ್, ಕ್ಲಾಂಪ್, ವಾಷರ್ ನೋಡಿ. ಹೀಟರ್ ಪ್ಲಗ್ ಅಳೆಯಿರಿ. ನಾಝಲ್ ಆಮೇಲೆ. ಪಂಪ್ ಅದಕ್ಕೂ ಆಮೇಲೆ. ಇಂಜಿನ್ ಬಿಚ್ಚೋ ಮಾತು ಎಲ್ಲಕ್ಕಿಂತ ಕೊನೆಗೆ, ಅದೂ ಗೇಜ್ ಹಾಕಿ ಕಂಪ್ರೆಷನ್ ಅಳೆದು ಅಂಕಿ ತೋರಿಸಿದ ಮೇಲೆ. ನೀವು ಕೈ ಹಾಕದೇ ಇದ್ರೂ ಪರವಾಗಿಲ್ಲ. "ಅಣ್ಣ, ಗೇಜ್ ಹಾಕಿ ನೋಡಿದ್ರಾ?" ಅಂತ ಕೇಳೋಕೆ ಗೊತ್ತಿದ್ರೆ ಸಾಕು.

ಇನ್ನೊಂದು. ಗಾಡಿ ಓಡಿಸೋರ ಮಾತಲ್ಲಿ ಕಾರಣ ತಪ್ಪಿರಬಹುದು, ಆದ್ರೆ ಅವರು ಕಂಡಿದ್ದು ತಪ್ಪಿರಲ್ಲ. ಅಪ್ಪ ಇಬ್ಬನಿ ಅಂದ್ರು, ಅದು ತಪ್ಪು. ಮರದ ಕೆಳಗೆ ಸ್ಟಾರ್ಟ್ ಆಗುತ್ತೆ ಅಂದ್ರು, ಅದು ನೂರಕ್ಕೆ ನೂರು ಸರಿ. ಓದಿದ ನಾನು ಕಾರಣ ಕೇಳಿ ನಕ್ಕು, ಕಂಡಿದ್ದನ್ನೂ ಬಿಸಾಕಿದ್ದೆ.

ಪಕ್ಕದ ತೋಟದವರು ಸಂಕ್ರಾಂತಿ ಆದ ಮೇಲೆ ಮತ್ತೆ ನಮ್ಮ ಗಾಡಿಗೇ ಬಾಕ್ಸ್ ಹಾಕ್ತಿದ್ದಾರೆ. ಮೊನ್ನೆ ಊರಿಗೆ ಹೋದಾಗ ನೋಡಿದೆ, ಅಪ್ಪ ಈಗಲೂ ರಾತ್ರಿ ರಿವರ್ಸ್ ತಗೊಂಡು ಹೋಗಿ ಹೊಂಗೆ ಮರದ ಕೆಳಗೇ ನಿಲ್ಲಿಸ್ತಾರೆ.

"ಈಗ ಎಲ್ಲಿ ನಿಲ್ಸಿದ್ರೂ ಆಗುತ್ತಲ್ಲಪ್ಪ" ಅಂದೆ.

"ಆಗುತ್ತೆ" ಅಂದ್ರು. "ದಸರಾಕ್ಕೆ ನೀನು ಮತ್ತೆ ಬರ್ತೀಯಲ್ಲ, ಅದಕ್ಕೆ."

ಇಷ್ಟೇ ಇವತ್ತಿನ ಮಾತು. ಕೊನೆಗೆ ಇದನ್ನೊಂದು ಕೇಳಿ. ಅದೇ ಗಾಡಿ, ಅದೇ ಮೂರೂವರೆ ಗಂಟೆ.

(ಸೆಲ್ಫ್ ಹೊಡೆಯುವ ಸದ್ದು, ಎರಡು ಸೆಕೆಂಡ್. ಇಂಜಿನ್ ಹತ್ತಿಕೊಂಡು ಒಂದೇ ಲಯದಲ್ಲಿ ಓಡುತ್ತದೆ.)